ಕಣ್ಣಪ್ಪನ ಕೈಗೆ ಪಿಸ್ತೂಲು ಬಂದ ವರ್ಷ

(ಇಲವಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಈ ದತ್ತಿ ಯಾರ ನೆನಪಿಗೆಂದು ಇಟ್ಟದ್ದೋ ಆ ಮೇಷ್ಟ್ರಿಗೆ ಎರಡು ವಿಷಯಗಳಲ್ಲಿ ಜೀವ. ಒಂದು ಹಳಗನ್ನಡ ವ್ಯಾಕರಣ, ಇನ್ನೊಂದು ರಾಜ್‌ಕುಮಾರ್ ಸಿನಿಮಾ. ಕಳೆದ ಸಲ ಕೇಶಿರಾಜನ ಮೇಲೆ ಉಪನ್ಯಾಸ ಆಯಿತು. ಈ ಸಲ ಅವರ ಮಗಳು ನನಗೆ ಫೋನು ಮಾಡಿ, "ಅಪ್ಪನ ಇನ್ನೊಂದು ಪ್ರೀತಿಯ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ಲ ಸಾರ್, ನೀವು ಬಂದುಬಿಡಿ" ಎಂದರು. ಆಗಲಮ್ಮ ಎಂದೆ. ಒಂದೇ ಚಿತ್ರ ಹಿಡಿದು ಮಾತಾಡುತ್ತೇನೆ, 'ಜೇಡರ ಬಲೆ' ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. 'ಬಂಗಾರದ ಮನುಷ್ಯ' ಇದೆ, 'ಕಸ್ತೂರಿ ನಿವಾಸ' ಇದೆ, 'ಸತ್ಯ ಹರಿಶ್ಚಂದ್ರ' ಇದೆ, ಅದೆಲ್ಲ ಬಿಟ್ಟು ಸಿ.ಐ.ಡಿ. ಸಿನಿಮಾ ಯಾಕೆ ಎಂಬ ಪ್ರಶ್ನೆ ಆ ಮೌನದಲ್ಲೇ ಕೇಳಿಸಿತು. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಆ ವರ್ಷದ ಮಾತು. 1968. 'ಬೇಡರ ಕಣ್ಣಪ್ಪ'ದಿಂದ ನಾಯಕನಾಗಿ ತೆರೆಗೆ ಬಂದು ರಾಜ್‌ಕುಮಾರ್ ಅವರಿಗೆ ಹದಿನಾಲ್ಕು ವರ್ಷವಾಗಿತ್ತು. ಅವರ ನೂರನೇ ಚಿತ್ರ 'ಭಾಗ್ಯದ ಬಾಗಿಲು' ಬಂದದ್ದು ಅದೇ ವರ್ಷ. ಗೀತಪ್ರಿಯರ 'ಮಣ್ಣಿನ ಮಗ' ಬಂದದ್ದೂ ಅದೇ ವರ್ಷ. ಅಲ್ಲಿ ನೇಗಿಲು ಹಿಡಿದ ಮನುಷ್ಯ ಇಲ್ಲಿ ಕೋಟು ತೊಟ್ಟು, ಕೈಯಲ್ಲಿ ಪಿಸ್ತೂಲು ಹಿಡಿದು, ಪ್ರಕಾಶ್ ಎಂಬ ಸಿ.ಐ.ಡಿ. 999 ಆಗಿ ಬಂದ. ನಿರ್ದೇಶಕರು ದೊರೈ ಮತ್ತು ಭಗವಾನ್. ಆ ಜೋಡಿ ಹೆಸರು ಹಾಕಿಕೊಂಡ ಮೊದಲ ಚಿತ್ರ ಇದು. ನಾಯಕಿ ಜಯಂತಿ, ಜೊತೆಗೆ ಉದಯಕುಮಾರ್ ಮತ್ತು ನರಸಿಂಹರಾಜು. ಸಂಗೀತ ಜಿ. ಕೆ. ವೆಂಕಟೇಶ್ ಅವರದು.

ನಾನು ಅದನ್ನು ನೋಡಿದ್ದು ಅದು ಬಿಡುಗಡೆಯಾಗಿ ಎಷ್ಟೋ ತಿಂಗಳ ಮೇಲೆ. ಪಟ್ಟಣದ ಟಾಕೀಸುಗಳಲ್ಲಿ ಓಡಿ ಸವೆದ ಪ್ರಿಂಟುಗಳು ಕೊನೆಗೆ ಹಳ್ಳಿಯ ಟೆಂಟಿಗೆ ಬರುತ್ತಿದ್ದವು. ಆಗ ನನಗೆ ಹತ್ತು ವರ್ಷವಿರಬಹುದು. ಈ ಸಭೆಯಲ್ಲಿ ಟೆಂಟ್ ಸಿನಿಮಾ ಕಂಡವರು ಅರ್ಧದಷ್ಟಾದರೂ ಇದ್ದೀರಿ, ಆದರೆ ಹಿಂದೆ ನಿಂತ ಹುಡುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಹೊತ್ತು ಮುಳುಗುತ್ತಿದ್ದಂತೆ ಟೆಂಟಿನ ಮೇಲಿನ ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು. ಅದು ಶುರುವಾಯಿತೆಂದರೆ ಟಿಕೆಟ್ ಕೊಡುತ್ತಾರೆಂದು ಲೆಕ್ಕ. ಹೊಲದಲ್ಲಿದ್ದವರು ಅದನ್ನು ಕೇಳಿಯೇ ಮನೆಯತ್ತ ಹೆಜ್ಜೆ ಹಾಕುತ್ತಿದ್ದರು. ಒಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು, ಹಿಂದಿನವನು ಅದನ್ನು ಕೆಡವುತ್ತಿದ್ದ. ಇದ್ದದ್ದು ಒಂದೇ ಪ್ರೊಜೆಕ್ಟರು. ಹಾಗಾಗಿ ಒಂದು ರೀಲು ಮುಗಿದಾಗ ಲೈಟು ಹಾಕಿ, ಇನ್ನೊಂದು ರೀಲು ಏರಿಸುವವರೆಗೆ ಎಲ್ಲರೂ ಕಾಯಬೇಕು.

ಈ ಕಾಯುವುದನ್ನು ನಾನು ಕೊರತೆ ಎಂದು ಹೇಳುತ್ತಿಲ್ಲ. ಪತ್ತೇದಾರಿ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಇರಲಾರದು. ಪಿಸ್ತೂಲು ಎತ್ತಿದ ಕ್ಷಣಕ್ಕೆ ರೀಲು ಮುಗಿಯುತ್ತದೆ, ದೀಪ ಹತ್ತುತ್ತದೆ, ಕಡ್ಲೆಕಾಯಿ ಮಾರುವವನು ಒಳಗೆ ಬರುತ್ತಾನೆ. ಆ ಐದು ನಿಮಿಷ ಇಡೀ ಟೆಂಟು ಪತ್ತೇದಾರಿಕೆಗೆ ಇಳಿಯುತ್ತಿತ್ತು. ಇವನೇ ಕಳ್ಳ, ಇಲ್ಲ ಅವನು, ಆ ಹೆಂಗಸಿನ ಮೇಲೆ ನನಗೆ ಮೊದಲಿಂದಲೂ ಅನುಮಾನ ಎಂದು ಗುರುತಿಲ್ಲದವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಗಂಡಸರ ಕಡೆಯ ತರ್ಕ ಹೆಂಗಸರ ಕಡೆಗೆ, ಅಲ್ಲಿನದು ಇಲ್ಲಿಗೆ, ನಡುವಿನ ತಡಿಕೆ ದಾಟಿ ಹೋಗಿಬರುತ್ತಿತ್ತು.

ಅವತ್ತು ನಮ್ಮ ಅವ್ವನೂ ಬಂದಿದ್ದಳು. ಇದೇ ಇವತ್ತಿನ ನನ್ನ ಮಾತಿನ ಮೂಲ. ಅವ್ವ ಸಿನಿಮಾಕ್ಕೆ ಬರುತ್ತಿದ್ದದ್ದು ದೇವರ ಚಿತ್ರಕ್ಕೆ ಮಾತ್ರ. ಕಣ್ಣಪ್ಪನನ್ನು, ಕನಕದಾಸರನ್ನು, ಕಬೀರನನ್ನು, ಹರಿಶ್ಚಂದ್ರನನ್ನು ನೋಡಿದವಳು. ಕತ್ತಿ ಚಿತ್ರಕ್ಕೂ ಬರುವಳಲ್ಲ. ಟೆಂಟಿನ ಮುಂದಿನ ಪೋಸ್ಟರಿನಲ್ಲಿ ಪಿಸ್ತೂಲು ಹಿಡಿದ ರಾಜ್‌ಕುಮಾರ್ ಅವರನ್ನು ಕಂಡು ನಮ್ಮ ಸೋದರಮಾವ, "ಅಕ್ಕಾ, ಇದು ನಿಂಗೆ ಆಗಾಕಿಲ್ಲ, ಬರೀ ಗುಂಡು ಹಾರ್ಸೋದು" ಎಂದ. ಅವ್ವ ಪೋಸ್ಟರನ್ನು ಒಂದು ಗಳಿಗೆ ನೋಡಿದಳು. "ಇವನ ಕೈಲಿ ಅದೇನಿದ್ರೂ ಭಯ ಇಲ್ಲ ಬುಡು" ಎಂದು ಹೇಳಿ, ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದಳು.

ಆ ಮಾತು ಐವತ್ತು ವರ್ಷಕ್ಕೂ ಮೀರಿ ನನ್ನ ಜೊತೆ ಬಂದಿದೆ. ಇಯಾನ್ ಫ್ಲೆಮಿಂಗ್ ಬರೆದ ಕಾದಂಬರಿಗಳಲ್ಲಿ ಜೇಮ್ಸ್ ಬಾಂಡನ ಎರಡು ಸೊನ್ನೆಗೆ ಒಂದು ಅರ್ಥವಿದೆ. ಅವನು ಸರ್ಕಾರದ ಕೆಲಸದಲ್ಲಿ ಕೊಲ್ಲಬಹುದು, ಕೇಳುವವರಿಲ್ಲ. ಆ ಪರವಾನಗಿಯೇ ಅವನ ರೋಮಾಂಚನ. ನಮ್ಮ 999ಗೆ ಪರವಾನಗಿ ಕೊಟ್ಟವರು ಅವ್ವನಂಥ ತಾಯಂದಿರು. ಅದನ್ನು ಅವರು ಹದಿನಾಲ್ಕು ವರ್ಷ ನೋಡಿ, ಪರೀಕ್ಷಿಸಿ, ಆಮೇಲೆ ಕೊಟ್ಟಿದ್ದರು. ಈ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಎದ್ದ ಚಿತ್ರ 'ಜೇಡರ ಬಲೆ' ಎಂಬುದು ನನ್ನ ವಾದ.

ಬಾಂಡ್ ಚಿತ್ರಗಳ ಗಾಳಿ ಬೀಸದೆ ಇದು ಹುಟ್ಟುತ್ತಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 1962ರಲ್ಲಿ 'ಡಾಕ್ಟರ್ ನೋ', ಮರುವರ್ಷ 'ಫ್ರಮ್ ರಷ್ಯಾ ವಿತ್ ಲವ್', 1964ರಲ್ಲಿ 'ಗೋಲ್ಡ್‌ಫಿಂಗರ್', 1965ರಲ್ಲಿ 'ಥಂಡರ್‌ಬಾಲ್'. ಷಾನ್ ಕಾನರಿ ಜಗತ್ತಿಗೇ ಒಂದು ನಡಿಗೆ ಕಲಿಸಿದ. ದಕ್ಷಿಣದಲ್ಲಿ 1966ರಲ್ಲೇ ತೆಲುಗಿನಲ್ಲಿ ಕೃಷ್ಣ ನಟಿಸಿದ 'ಗೂಢಚಾರಿ 116', ತಮಿಳಿನಲ್ಲಿ ಜೈಶಂಕರ್ ಅವರ 'ವಲ್ಲವನ್ ಒರುವನ್' ಬಂದಿದ್ದವು. ಹಿಂದಿಯ 'ಫರ್ಜ್' 1967ರದು, ಅದು 'ಗೂಢಚಾರಿ 116'ರ ಮರುಸೃಷ್ಟಿ. ಹಾಗಾಗಿ ಇಡೀ ದೇಶಕ್ಕೆ ಮೊದಲು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ಅಭಿಮಾನಿಗಳ ಜೊತೆ ನಾನಿಲ್ಲ. ಕನ್ನಡದಲ್ಲಿ ಈ ದಾರಿ ತೆರೆದದ್ದು 'ಜೇಡರ ಬಲೆ', ನನಗೆ ಅಷ್ಟು ಸಾಕು.

ಕನ್ನಡದಲ್ಲಿ ಇದು ಬೇಕಾದದ್ದಕ್ಕೆ ಇನ್ನೊಂದು ಕಾರಣ ಇತ್ತು. 1960ರ ದಶಕದ ಮೊದಲಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ಬೀದಿಗಿಳಿದರು. ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಹಚ್ಚಿ ತೋರಿಸುವುದು ನಿಂತಿತು. ನಿಲ್ಲಿಸಿದ ಮೇಲೆ ಒಂದು ಜವಾಬ್ದಾರಿ ಹೆಗಲಿಗೆ ಬಂತು. ಹೊರಗಿನ ರುಚಿಗಳನ್ನು ನಮ್ಮ ಜನ ಕನ್ನಡದಲ್ಲಿ ಉಣ್ಣಬೇಕಾದರೆ ಅದನ್ನು ಇಲ್ಲೇ ಅಡುಗೆ ಮಾಡಬೇಕು. ಭಗವಾನ್ ಅವರು 1966ರಲ್ಲಿ ಎ. ಸಿ. ನರಸಿಂಹಮೂರ್ತಿಯವರ ಜೊತೆ ನಿರ್ದೇಶಿಸಿದ್ದು ಅದೇ ಅ.ನ.ಕೃ. ಅವರ 'ಸಂಧ್ಯಾರಾಗ' ಕಾದಂಬರಿಯನ್ನು. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಹಾಡಿದ ಚಿತ್ರ ಅದು. ಅದಾಗಿ ಎರಡು ವರ್ಷಕ್ಕೆ ಅವರು ಸಂಗೀತಗಾರನ ಮನೆಯಿಂದ ಗೂಢಚಾರಿಯ ಅಡ್ಡೆಗೆ ಬಂದರು. ಎರಡಕ್ಕೂ ನಾಯಕ ಒಬ್ಬನೇ.

ಗೂಢಚಾರಿ ಎಂದೆ. ಆದರೆ ಚಿತ್ರದ ಮಂದಿ ಅವನನ್ನು ಸಿ.ಐ.ಡಿ. ಎಂದರು. ಇದು ಸಣ್ಣ ವಿಷಯವಲ್ಲ. ಹೊರದೇಶದ ಗುಟ್ಟು ನೋಡಿಕೊಳ್ಳಲೆಂದೇ ನಮ್ಮ ಸರ್ಕಾರ 'ರಾ' ಸಂಸ್ಥೆಯನ್ನು ಆರ್. ಎನ್. ಕಾವ್ ಅವರ ಕೈಗೆ ಕೊಟ್ಟು ಕಟ್ಟಿದ್ದು 1968ರ ಸೆಪ್ಟೆಂಬರ್ 21ರಂದು. ಅಂದರೆ ನಮ್ಮ ತೆರೆಗೆ 999 ಬಂದ ವರ್ಷವೇ. ಅಲ್ಲಿಯವರೆಗೆ ಸಾಮಾನ್ಯರ ಬಾಯಲ್ಲಿ ಗುಟ್ಟು ಹಿಡಿಯುವವನಿಗೆ ಇದ್ದದ್ದು ಒಂದೇ ಹೆಸರು, ಸಿ.ಐ.ಡಿ. ಹಳ್ಳಿಗೆ ಹೊಸಬ ಯಾರಾದರೂ ಬಂದು ಟೀ ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂತರೆ "ಸಿ.ಐ.ಡಿ. ಇರ್ಬೇಕು ಕಣ್ಲಾ" ಎನ್ನುತ್ತಿದ್ದರು. ಆ ಮಾತಿಗೆ ಇನ್ನಷ್ಟು ಜೀವ ತುಂಬಿದವರು ಎನ್. ನರಸಿಂಹಯ್ಯ. ನಾಲ್ಕನೇ ತರಗತಿ ಓದಿದ ಆ ಮನುಷ್ಯ ಬರೆದ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಓದಲೆಂದೇ ಅಕ್ಷರ ಕಲಿತವರು ನಮ್ಮ ಸೀಮೆಯಲ್ಲಿದ್ದರು. ನಮ್ಮ ಸೋದರಮಾವ ಅಂಥವನು. ಹಾಳೆ ಉದುರುತ್ತಿದ್ದ ಪುಸ್ತಕವನ್ನು ಹುಲ್ಲಿನ ಮೆದೆಯ ಮೇಲೆ ಕೂತು ಅವನು ಜೋರಾಗಿ ಓದುವನು, ಓದು ಬರದ ನಾಲ್ಕು ಜನ ಸುತ್ತ ಕೂರುವರು. ದೊರೈ-ಭಗವಾನರಿಗೆ ಬಾಂಡ್ ಒಂದು ಕಡೆಯಿಂದ ಸಿಕ್ಕರೆ, ಈ ಕೇಳುಗರು ಇನ್ನೊಂದು ಕಡೆಯಿಂದ ಸಿದ್ಧವಾಗಿ ಸಿಕ್ಕರು.

ಇನ್ನೂ ಹಿಂದಕ್ಕೆ ಹೋಗೋಣ. ಗೂಢಚಾರಿಯ ಕತೆಯ ಮೇಲೆ ಮೈಸೂರಿನವರಿಗೆ ಹಕ್ಕು ಉಳಿದವರಿಗಿಂತ ಹೆಚ್ಚು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟೊಂದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈ ಸೇರಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅದರ ಮೊದಲ ಅಧಿಕರಣದಲ್ಲೇ ಗೂಢಪುರುಷರ ವಿಚಾರ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂದು ಐದು ಬಗೆಯವರು ಒಂದೆಡೆ ನೆಲೆ ನಿಂತು ಕೆಲಸ ಮಾಡುವವರು. ವಿದ್ಯಾರ್ಥಿಯ ವೇಷ, ಸನ್ಯಾಸ ಬಿಟ್ಟವನ ವೇಷ, ಬೇಸಾಯಗಾರನ ವೇಷ, ವ್ಯಾಪಾರಿಯ ವೇಷ, ತಪಸ್ವಿಯ ವೇಷ. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬುವರು ಓಡಾಡುತ್ತ ಕೆಲಸ ಮಾಡುವವರು. ಶತಮಾನಗಟ್ಟಲೆ ಕಣ್ಮರೆಯಾಗಿದ್ದ ಬೇಹುಗಾರಿಕೆಯ ಪಾಠ ಮತ್ತೆ ಬೆಳಕು ಕಂಡದ್ದು ನಾವು ಬಸ್ಸು ಹತ್ತಿ ಹೋಗಿ ನೋಡಬಹುದಾದ ಕಟ್ಟಡದಲ್ಲಿ.

ನಾನು ಆ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ರಾಜ್‌ಕುಮಾರ್ ಕಾಣುತ್ತಾರೆ. ಅವರು ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳ ಗರಡಿಯಿಂದ. ಒಂದು ರಾತ್ರಿ ಬೇಡ, ಮರುರಾತ್ರಿ ತಪಸ್ವಿ, ಅದರ ಮಾರನೇ ದಿನ ಅರಸ. ವೇಷ ಹಾಕುವುದೆಂದರೆ ಬರೀ ಗಡ್ಡ ಅಂಟಿಸುವುದಲ್ಲ. ಆ ಮನುಷ್ಯ ಹೇಗೆ ನಿಲ್ಲುತ್ತಾನೆ, ಹೇಗೆ ಎದುರಿನವನ ಕಣ್ಣು ನೋಡುತ್ತಾನೆ, ಎಲ್ಲಿ ಉಸಿರು ಬಿಡುತ್ತಾನೆ, ಎಲ್ಲವನ್ನೂ ಬದಲಿಸಬೇಕು. ಈ ವಿದ್ಯೆ ಗೂಢಚಾರನಿಗೂ ನಟನಿಗೂ ಒಂದೇ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿ ಬಂದ ಕತೆ ನಮ್ಮಲ್ಲಿ ಮನೆಮಾತು. ಆ ಅರಸನ ಪಾತ್ರವನ್ನು ರಾಜ್ 1960ರಲ್ಲೇ ಮಾಡಿದ್ದರು. ಕೋಟು ತೊಡುವ ಎಂಟು ವರ್ಷ ಮೊದಲೇ ನಮ್ಮ ಮನಸ್ಸಿನಲ್ಲಿ ಅವರು ಗುಟ್ಟಾಗಿ ಊರು ಹೊಕ್ಕು ಕೆಲಸ ಮುಗಿಸಿ ಬರುವ ವೀರ ಆಗಿಬಿಟ್ಟಿದ್ದರು.

ಇಲವಾಲದ ಮಟ್ಟಿಗೂ ಒಂದು ಮಾತು ಹೇಳಬೇಕು. 19ನೇ ಶತಮಾನದ ಮೊದಲ ಭಾಗದಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಆರ್ಥರ್ ಕೋಲ್ ಈ ಊರಿನಲ್ಲಿ ಬಂಗಲೆ ಕಟ್ಟಿಸಿದ. ರೆಸಿಡೆಂಟನ ಉದ್ಯೋಗ ಎಂದರೆ ಸಲಹೆ ಕೊಡುವುದು ಒಂದು ಪಾಲು, ಅರಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೊಂಡು ಮೇಲಿನವರಿಗೆ ಬರೆಯುವುದು ಇನ್ನೊಂದು ಪಾಲು. ನೋಡುವ ಕಣ್ಣು ಒಂದು ಕಾಲಕ್ಕೆ ಇಲ್ಲೇ ವಾಸವಾಗಿತ್ತು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇದೇ ಇಲವಾಲದಲ್ಲಿ ವಿನೋಬಾ, ರಾಜೇಂದ್ರಪ್ರಸಾದ್, ನೆಹರೂ, ಜಯಪ್ರಕಾಶ್, ಇ.ಎಂ.ಎಸ್. ಒಟ್ಟಿಗೆ ಕೂತು ಗ್ರಾಮದಾನದ ಬಗ್ಗೆ ಮಾತಾಡಿದರು. ಅದು ಗುಟ್ಟಿನ ಮಾತಾಗಿರಲಿಲ್ಲ. ಗುಟ್ಟೂ ಬಯಲೂ ಒಂದೇ ಊರಿನ ನೆನಪಿನಲ್ಲಿವೆ. ಈಗ ಹತ್ತಿರದ ರತ್ನಹಳ್ಳಿಯ ಕಡೆ ಅಣುಶಕ್ತಿಯವರ ಘಟಕ ಇದೆ. ಅದರ ಬೇಲಿ ನಿಮಗೆಲ್ಲ ಗೊತ್ತು. ಬೇಲಿಯ ಒಳಗಿನದನ್ನು ಕೇಳದೆ ಇರುವುದು ಇಲ್ಲಿನವರಿಗೆ ಅಭ್ಯಾಸವಾಗಿದೆ. ಹಾಗಾಗಿ ಗುಟ್ಟು ಕಾಯುವವನ ಕತೆ ಹೇಳಲು ಇದಕ್ಕಿಂತ ಒಳ್ಳೆಯ ಊರು ನನಗೆ ಸಿಗುತ್ತಿರಲಿಲ್ಲ.

ಚಿತ್ರಕ್ಕೆ ಮರಳುತ್ತೇನೆ. 'ಜೇಡರ ಬಲೆ' ಕಪ್ಪುಬಿಳುಪು. ಕನ್ನಡದಲ್ಲಿ ಪೂರ್ತಿ ಬಣ್ಣದ ಚಿತ್ರ 1964ರಲ್ಲೇ 'ಅಮರಶಿಲ್ಪಿ ಜಕಣಾಚಾರಿ' ರೂಪದಲ್ಲಿ ಬಂದಿದ್ದರೂ ಬಣ್ಣದ ಫಿಲಂ ಎಂದರೆ ಹೊರದೇಶದ ಮಾಲು, ಕೈಗೆಟುಕದ ಬೆಲೆ. ಬಾಂಡ್ ಚಿತ್ರಗಳಲ್ಲಿ ಕೆನ್ ಆಡಂ ಕಟ್ಟಿದ ಸೆಟ್ಟುಗಳನ್ನು ನೀವು ನೋಡಿರಬಹುದು, ಒಂದೊಂದೂ ಒಂದು ಊರಿನಷ್ಟು. ನಮ್ಮವರಿಗೆ ಅದೆಲ್ಲಿಂದ ಬರಬೇಕು? ಇಲ್ಲಿ ದೊರೈ ಕ್ಯಾಮೆರಾ ಹಿಡಿದು ಪಳಗಿದವರಾಗಿದ್ದದ್ದು ಕೈ ಹಿಡಿಯಿತು. ದೊಡ್ಡ ಸೆಟ್ಟು ಇಲ್ಲದವನಿಗೆ ಕತ್ತಲೆಯೇ ಸೆಟ್ಟು. ಕೋಣೆಯ ಮುಕ್ಕಾಲು ಪಾಲು ಕತ್ತಲಲ್ಲಿ ಬಿಟ್ಟು ಒಂದು ಮುಖದ ಮೇಲೆ, ಒಂದು ಕೈಯ ಮೇಲೆ ಬೆಳಕು ಹಾಕಿದರೆ ಆ ಕೋಣೆ ಎಷ್ಟು ದೊಡ್ಡದೆಂದು ನೋಡುವವನು ಊಹಿಸಿಕೊಳ್ಳುತ್ತಾನೆ. ಟೆಂಟಿನಲ್ಲಿ ಗಾಳಿಗೆ ಪರದೆ ಅಲುಗಾಡುತ್ತಿತ್ತು, ಆ ಕತ್ತಲೂ ಅದರೊಡನೆ ಅಲುಗಾಡುತ್ತಿತ್ತು. ಬಣ್ಣದಲ್ಲಿ ತೆಗೆದಿದ್ದರೆ ನನಗೆ ಆ ಭಯ ಸಿಗುತ್ತಿರಲಿಲ್ಲ. ಈಗಲೂ ಈ ಸರಣಿಯ ಕಪ್ಪುಬಿಳುಪು ಚಿತ್ರಗಳೇ ನನಗೆ ಮೇಲು.

ಬೆಳಕಿನಷ್ಟೇ ಸದ್ದು. ಜಿ. ಕೆ. ವೆಂಕಟೇಶರನ್ನು ನಾವು ಇಂಪಾದ ಹಾಡುಗಳ ಸಂಗೀತಗಾರರೆಂದು ನೆನೆಯುತ್ತೇವೆ. ಆದರೆ ಹಾಡಿಲ್ಲದ ಜಾಗದಲ್ಲಿ ಅವರು ಮಾಡುವುದನ್ನು ಕೇಳಬೇಕು. ಜಾನ್ ಬ್ಯಾರಿ ಬಾಂಡ್ ಚಿತ್ರಗಳಿಗೆ ಕಟ್ಟಿದ ಹಿತ್ತಾಳೆ ವಾದ್ಯದ ಅಬ್ಬರ ಅವರ ಕಿವಿಗೆ ಬಿದ್ದಿತ್ತು, ಸಂಶಯವಿಲ್ಲ. ಆದರೂ ತಟ್ಟುವ ಬಾಂಗೋ, ಮೀಟುವ ಗಿಟಾರಿನ ಕೆಳಗೆ ನಮ್ಮ ರಾಗದ ಎಳೆಯೊಂದು ಓಡುತ್ತಲೇ ಇರುತ್ತದೆ. ಟೆಂಟಿನಿಂದ ಮನೆಗೆ ನಡೆದು ಹೋಗುವಾಗ ನಾವು ಹುಡುಗರು ಬಾಯಲ್ಲಿ ಆ ಸದ್ದು ಮಾಡಿಕೊಂಡು, ಒಬ್ಬೊಬ್ಬರೇ ಮರದ ಹಿಂದೆ ಅಡಗುತ್ತ, ಮುಂದಿನ ಮರಕ್ಕೆ ಓಡುತ್ತ ಹೋದೆವು.

ಮಾರನೇ ದಿನದಿಂದ ಊರಿನ ಹುಡುಗರ ಆಟವೇ ಬದಲಾಯಿತು. ತೆಂಗಿನ ಗರಿಯಲ್ಲಿ ವಾಚು ಮಾಡುವುದು ನಮಗೆ ಮೊದಲಿಂದ ಗೊತ್ತಿತ್ತು. ಗರಿಯನ್ನು ಸೀಳಿ, ನಾಲ್ಕು ಎಳೆ ಹೆಣೆದು ಚೌಕ ಮಾಡಿ, ಉಳಿದ ತುದಿಯನ್ನು ಮಣಿಕಟ್ಟಿಗೆ ಸುತ್ತಿ ಕಡ್ಡಿ ಚುಚ್ಚಿದರೆ ವಾಚು. ಅಲ್ಲಿಯವರೆಗೆ ಅದರಲ್ಲಿ ಗಂಟೆ ನೋಡುತ್ತಿದ್ದೆವು. ಈಗ ಅದನ್ನು ಬಾಯಿಯ ಹತ್ತಿರ ತಂದು ಮಾತಾಡತೊಡಗಿದೆವು. "ಹಲೋ, ಹಲೋ, ಒಂಬೈನೂರ ತೊಂಬತ್ತೊಂಬತ್ತು" ಎಂದು ಒಬ್ಬ ಬಾವಿಕಟ್ಟೆಯಿಂದ ಕೂಗುವುದು, ಇನ್ನೊಬ್ಬ ಕಣದಿಂದ ಉತ್ತರ ಕೊಡುವುದು. ಎರಡು ದಿನಕ್ಕೆ ಗರಿ ಬಾಡುತ್ತಿತ್ತು, ಹೊಸದು ಮಾಡಿಕೊಳ್ಳುತ್ತಿದ್ದೆವು. ಕಳ್ಳನಾಗಲು ಯಾರೂ ಒಪ್ಪುತ್ತಿರಲಿಲ್ಲವಾಗಿ ಸರದಿ ಇಟ್ಟುಕೊಂಡಿದ್ದೆವು.

ಆ ಕಾಲದ ಸಿನಿಮಾಗಳ ಕಳ್ಳರು ಬಹುಪಾಲು ಚಿನ್ನ, ವಜ್ರ ಸಾಗಿಸುವವರು. ಈಗಿನ ಮಕ್ಕಳಿಗೆ ಚಿನ್ನ ಸಾಗಿಸುವುದರಲ್ಲಿ ಅಂಥ ಮಹಾಪಾಪ ಏನಿತ್ತು ಎನಿಸಬಹುದು. 1962ರ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು. 14 ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದು ಎಂದಿತು. 1968ರಲ್ಲಿ, ಮತ್ತೆ ಅದೇ ವರ್ಷ, ಚಿನ್ನ ನಿಯಂತ್ರಣ ಕಾಯ್ದೆ ಆಯಿತು. ಅದು ರದ್ದಾದದ್ದು 1990ರಲ್ಲಿ. ಕುಲುಮೆ ಆರಿಸಿ ಕೂತ ಅಕ್ಕಸಾಲಿಗರ ಮನೆ ನಮ್ಮ ಬೀದಿಯಲ್ಲೇ ಇತ್ತು. ಆ ಮನೆಯಾತ ಕಡೆಗೆ ಬಳೆ ಮಾರುವ ಕೆಲಸ ಹಿಡಿದ. ಇತ್ತ ನಿಯಮ ಬಿಗಿಯಾದಷ್ಟೂ ಅತ್ತ ಕಡಲ ದಾರಿಯ ಕಳ್ಳಮಾಲು ಹೆಚ್ಚಿತು. ಹೀಗಾಗಿ ತೆರೆಯ ಮೇಲಿನ ಕಳ್ಳಸಾಗಣೆಗಾರ ಹಾಲಿವುಡ್ಡಿನ ಎರವಲು ಮಾತ್ರ ಆಗಿರಲಿಲ್ಲ. ಅವನನ್ನು 999 ಹಿಡಿದಾಗ ಟೆಂಟಿನಲ್ಲಿ ಬಿದ್ದ ಶಿಳ್ಳೆಗೆ ಬೀದಿಯ ಕಷ್ಟವೂ ಸೇರಿತ್ತು.

ಜಯಂತಿಯವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇಂಥ ಚಿತ್ರಗಳಲ್ಲಿ ಹೆಣ್ಣನ್ನು ಬಳಸಿಕೊಳ್ಳುವ ರೀತಿ ನನಗೆ ಅಂದೂ ಇಷ್ಟವಾಗಿರಲಿಲ್ಲ, ಇಂದೂ ಇಲ್ಲ. ಕ್ಲಬ್ಬಿನ ಕುಣಿತ, ಬೇಟೆಗೆ ಕಟ್ಟಿದ ಮೇಕೆಯಂತೆ ನಾಯಕಿಯನ್ನು ಕಟ್ಟಿಹಾಕುವುದು, ಇವು ಬಾಂಡ್ ಚಿತ್ರಗಳಿಂದ ಬಂದ ರೋಗ. ಆದರೆ ಬಳ್ಳಾರಿಯ ಈ ಹೆಣ್ಣುಮಗಳು 1965ರ 'ಮಿಸ್ ಲೀಲಾವತಿ'ಯಲ್ಲೇ ಕನ್ನಡದ ಮಟ್ಟಿಗೆ ಯಾರೂ ತುಳಿಯದ ದಾರಿ ತುಳಿದವರು. ಅವರ ಕಣ್ಣಿನಲ್ಲಿ ಒಂದು ಸವಾಲು ಇರುತ್ತಿತ್ತು. ರಾಜ್ ಅವರ ಜೊತೆ ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ನಿಂತದ್ದು ಆ ಕಣ್ಣಿನ ಬಲದಿಂದ. ಎದುರಿಗೆ ಅವರಿದ್ದರೆ ನಾಯಕ ಎಚ್ಚರದಿಂದ ಇರಲೇಬೇಕು. ಹೀಗೆಯೇ ಉದಯಕುಮಾರ್. ಆ ಕಂಠ, ಆ ಮೈಕಟ್ಟು ಎದುರು ನಿಂತಾಗಲೇ ನಾಯಕನ ತೂಕ ಗೊತ್ತಾಗುತ್ತಿದ್ದದ್ದು.

ಇನ್ನು ಅಣ್ಣಾವ್ರ ಅಭಿನಯ. ಕಾನರಿಯ ಬಾಂಡ್ ಎದುರಿನವನನ್ನು ಕಂಡಾಗ ಅರ್ಧ ನಗುತ್ತಾನೆ, ಆ ನಗುವಿನಲ್ಲಿ ತಾತ್ಸಾರ ಇರುತ್ತದೆ. ರಾಜ್ ಅವರ 999 ನಗುತ್ತಾನೆ, ತಾತ್ಸಾರ ಇಲ್ಲ. ಅವರ ಕೈಯಲ್ಲಿ ಪಿಸ್ತೂಲು ಇರುವಾಗಲೂ ಹೆಗಲು ಬಿಗಿಯುವುದಿಲ್ಲ. ಕಂಪನಿ ನಾಟಕದಲ್ಲಿ ಗದೆ, ಬಿಲ್ಲು ಹಿಡಿದ ಕೈ ಅದು, ಆಯುಧಕ್ಕೆ ಹೊಸದಲ್ಲ. ಮಾತು ಇನ್ನೂ ಮುಖ್ಯ. ದೇಶದ ಗುಟ್ಟು, ವಿಮಾನ, ಹೋಟೆಲು, ಟೆಲಿಫೋನು ಎಲ್ಲವನ್ನೂ ಅಚ್ಚ ಕನ್ನಡದ ಸ್ಪಷ್ಟ ಉಚ್ಚಾರದಲ್ಲಿ ಆಡಿದಾಗ ನಮಗೆ ಆದದ್ದೇನು? ಅಲ್ಲಿಯವರೆಗೆ ಕೋಟು ಹಾಕಿದವನು ಇಂಗ್ಲಿಷ್ ಆಡುತ್ತಾನೆ, ಪಂಚೆ ಉಟ್ಟವನು ಕನ್ನಡ ಆಡುತ್ತಾನೆ ಎಂದು ನಾವು ತಿಳಿದಿದ್ದೆವು. ತಾಲೂಕು ಕಚೇರಿಯಲ್ಲಿ ಅದನ್ನೇ ಕಂಡಿದ್ದೆವು. ಕೋಟು ಹಾಕಿಕೊಂಡು, ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಕನ್ನಡ ಆಡಿಕೊಂಡು, ಯಾರಿಗೂ ಹೆದರದ ಒಬ್ಬ ಮನುಷ್ಯನನ್ನು ನಾನು ಮೊದಲು ನೋಡಿದ್ದು ಆ ಪರದೆಯ ಮೇಲೆ. ಅದು ತಾಳವಾಡಿ ಸೀಮೆಯ ಗಾಜನೂರಿನ, ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟ ಮುತ್ತುರಾಜನೆಂಬ ಹುಡುಗ ಬೆಳೆದು ನಿಂತ ಪರಿ ಎಂದು ಆಗ ನನಗೆ ತಿಳಿದಿರಲಿಲ್ಲ.

ಸರಣಿ ಮುಂದುವರಿಯಿತು. ಅದೇ 1968ರಲ್ಲಿ 'ಗೋವಾದಲ್ಲಿ ಸಿ.ಐ.ಡಿ. 999'. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗಿನ್ನೂ ಏಳು ವರ್ಷ. ನಟಿ ಲಕ್ಷ್ಮಿ ಕನ್ನಡಕ್ಕೆ ಕಾಲಿಟ್ಟದ್ದು ಈ ಚಿತ್ರದಲ್ಲಿ. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಅದರ ನಾಯಕಿ ಇನ್ನೂ ಹದಿನೈದರ ಹುಡುಗಿ, ಹೆಸರು ರೇಖಾ. ಹಿಂದಿಯವರು ಆಕೆಯನ್ನು 'ಸಾವನ್ ಭಾದೋಂ'ನಲ್ಲಿ ನೋಡುವುದಕ್ಕೆ ಒಂದು ವರ್ಷ ಮೊದಲೇ ನಮ್ಮ ಟೆಂಟಿನ ನೆಲದ ಮಂದಿ ನೋಡಿದ್ದರು. ಆ ಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಈಗ ಬಣ್ಣ ಬಂದಿತ್ತು, ನೇಪಾಳದ ಬೆಟ್ಟ ಬಂದಿತ್ತು, ನಾಯಕಿ ಪದ್ಮಪ್ರಿಯ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಂಠದ್ದು. 1968ರಲ್ಲಿ ರಾಜ್ ಅವರಿಗೆ ಹಾಡುತ್ತಿದ್ದವರು ಪಿ. ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ಅವರೇ ಹಾಡತೊಡಗಿದರು. 'ಡೈಮಂಡ್ ರಾಕೆಟ್'ನಲ್ಲಿ ಅವರು ಹಾಡಿದ ಇಂಗ್ಲಿಷ್ ಹಾಡು ಇಂಟರ್ನೆಟ್ ಬಂದ ಮೇಲೆ ದೇಶದೇಶ ಸುತ್ತಿತು. ಕೆಲವರು ಅದನ್ನು ತಮಾಷೆಗೆ ಹಾಕಿಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ. ಸಾಹಿತ್ಯದ ಗೊಡವೆ ಬಿಟ್ಟು ಒಮ್ಮೆ ಕಣ್ಣು ಮುಚ್ಚಿ ಕೇಳಿ. ತನ್ನದಲ್ಲದ ಭಾಷೆಯ ಒಂದೊಂದು ಅಕ್ಷರವನ್ನೂ ಆ ಕಂಠ ಎಷ್ಟು ಮರ್ಯಾದೆಯಿಂದ ಎತ್ತಿ ಇಡುತ್ತದೆ, ತಾಳದ ಮೇಲೆ ಎಷ್ಟು ಹಗುರವಾಗಿ ನಿಲ್ಲುತ್ತದೆ ಎಂದು ತಿಳಿಯುತ್ತದೆ.

ದೊರೈ-ಭಗವಾನ್ ಆ ಹೊತ್ತಿಗಾಗಲೇ ಬೇರೆ ದಾರಿಯಲ್ಲಿ ಬಹಳ ದೂರ ಹೋಗಿದ್ದರು. ವಾಣಿಯವರ 'ಎರಡು ಕನಸು', ಭಾರತೀಸುತರ 'ಬಯಲು ದಾರಿ', 'ಗಿರಿಕನ್ಯೆ' ಇವನ್ನೆಲ್ಲ ತೆರೆಗೆ ತಂದರು. ಕಾದಂಬರಿ ಹಿಡಿದು ಸಂಸಾರದ ನೋವು ತೋಡಿಕೊಂಡ ಆ ಚಿತ್ರಗಳನ್ನು ವಿಮರ್ಶಕರು ಅವರ ನಿಜವಾದ ಸಾಧನೆ ಎನ್ನುತ್ತಾರೆ. ಇರಲಿ. ಆದರೆ ಮುಖದ ಮೇಲೆ ಬೆಳಕು ಹಾಕಿ ಕಾಯುವುದನ್ನು, ನೋಡುವವನಿಗೆ ಸ್ವಲ್ಪ ಹೇಳಿ ಹೆಚ್ಚು ಮುಚ್ಚಿಡುವುದನ್ನು ಅವರು ಅಭ್ಯಾಸ ಮಾಡಿದ್ದು 999ರ ಅಡ್ಡೆಗಳಲ್ಲಿ. ಅವರದೇ 'ಕಸ್ತೂರಿ ನಿವಾಸ'ದ ಆ ಮೌನಗಳಿಗೆ 'ಜೇಡರ ಬಲೆ'ಯ ಕತ್ತಲಿನ ಸಂಬಂಧ ಇದೆ ಎಂದು ನಾನು ನಂಬಿದ್ದೇನೆ. ದೊರೈ 2000ದಲ್ಲಿ ಹೋದರು, ಭಗವಾನ್ 2023ರ ಫೆಬ್ರುವರಿಯಲ್ಲಿ.

2000 ಎಂದಾಗ ಇನ್ನೊಂದು ನೆನಪು ಬಂದೇ ಬರುತ್ತದೆ. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. 108 ದಿನ. ನಮ್ಮ ಅವ್ವನಿಗೆ ಆಗ ಎಪ್ಪತ್ತರ ಮೇಲೆ ವಯಸ್ಸು, ಕಣ್ಣು ಮಂಜಾಗಿತ್ತು. ದಿನವೂ ಸಂಜೆ ರೇಡಿಯೋದ ಪ್ರದೇಶ ಸಮಾಚಾರಕ್ಕೆ ಕಿವಿ ಕೊಟ್ಟು ಕೂರುವಳು. ಒಂದು ದಿನ ನಾನು ಸಮಾಧಾನ ಹೇಳಲು ಹೋದೆ. ಅವ್ವನೇ ನನಗೆ ಸಮಾಧಾನ ಹೇಳಿದಳು. "ಅವನ ಮೈಮೇಲೆ ಕೈ ಮಾಡಕ್ಕೆ ಯಾರಿಗೂ ಮನಸು ಬರಾಕಿಲ್ಲ ಕಣಪ್ಪ, ಬತ್ತಾನೆ" ಎಂದಳು. ನವೆಂಬರ್ 15ರಂದು ಅವರು ಬಿಡುಗಡೆಯಾದರು. ಟೀವಿಯಲ್ಲಿ ಆ ಬಳಲಿದ ಮುಖ, ಬಿಳಿ ಗಡ್ಡ, ಜೋಡಿಸಿದ ಕೈ ಕಂಡಾಗ ಅವ್ವ ಪರದೆಯ ಹತ್ತಿರ ಹೋಗಿ ಸೆರಗಿನಿಂದ ಗಾಜನ್ನು ಒರೆಸಿದಳು.

ಕೊನೆಗೆ ಒಂದು ಕೋರಿಕೆ. ಈ ಹುಣಸೂರು ರಸ್ತೆಯಲ್ಲೇ ಪ್ರೀಮಿಯರ್ ಸ್ಟುಡಿಯೋ ಇತ್ತು. 1989ರ ಫೆಬ್ರುವರಿಯ ಬೆಂಕಿಯಲ್ಲಿ 62 ಜನ ಜೀವ ಕಳೆದುಕೊಂಡರು, ಅವರಿಗೆ ನನ್ನ ನಮಸ್ಕಾರ. ಮೈಸೂರಿನ ಒಂಟಿ ಪರದೆಯ ಟಾಕೀಸುಗಳಲ್ಲಿ ಹಲವು ಒಂದೊಂದಾಗಿ ಮುಚ್ಚಿವೆ. 'ಜೇಡರ ಬಲೆ' ಮೊಬೈಲಿನಲ್ಲಿ ಸಿಗುತ್ತದೆ, ಆದರೆ ನಾನು ನೋಡಿದ ಪ್ರತಿಗಳಲ್ಲೆಲ್ಲ ಕಪ್ಪು ಎಲ್ಲಾ ಬೂದಿಯಾಗಿದೆ. ನಾನು ಹೇಳಿದ ಆ ಕತ್ತಲು ಅಲ್ಲಿಲ್ಲ. ಪ್ರಿಂಟನ್ನು ನಾವು ಇಲ್ಲಿಂದ ಉಳಿಸಲಾರೆವು. ಆದರೆ ಉಳಿಸಬಹುದಾದ ಒಂದು ವಸ್ತು ನಿಮ್ಮ ಮನೆಯ ಅಟ್ಟದಲ್ಲಿ ಇರಬಹುದು. ಟೆಂಟಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು, ನೆನಪಿದೆಯಾ? ತೆಳು ಕಾಗದ, ಮೇಲೆ ನಾಯಕ ನಾಯಕಿಯ ಚಿತ್ರ, ಒಳಗೆ ಹಾಡು, ಮೊದಲಿಗೆ ಕಥಾಸಾರಾಂಶ. ಆ ಸಾರಾಂಶ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೇನಾಯಿತೆಂದು ಬೆಳ್ಳಿಪರದೆಯ ಮೇಲೆ ನೋಡಿ ಎನ್ನುತ್ತಿತ್ತು. ನಮ್ಮ ಮೇಷ್ಟ್ರು ಅಂಥವನ್ನು ಟ್ರಂಕಿನ ತುಂಬ ಕೂಡಿಟ್ಟಿದ್ದರು, ಒಂದೊಂದರ ಮೇಲೂ ನೋಡಿದ ತಾರೀಖು ಬರೆದು. ಅವರ ಮಗಳು ಅದನ್ನು ಇವತ್ತು ಇಲ್ಲಿಗೆ ತಂದಿದ್ದಾರೆ, ಅದೋ ಆ ಮೂಲೆಯ ಮೇಜಿನ ಮೇಲಿದೆ. ನಾನು ಬಂದ ಕೂಡಲೇ ಹುಡುಕಿದೆ. ಗೋವಾ ಇದೆ, ಜಾಕ್‌ಪಾಟ್ ಇದೆ. 'ಜೇಡರ ಬಲೆ' ಮಾತ್ರ ಇಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅದು ಇದ್ದರೆ, ಹಾಳೆ ಹರಿದಿದ್ದರೂ ಪರವಾಗಿಲ್ಲ, ಮುಂದಿನ ಭಾನುವಾರದೊಳಗೆ ತಂದು ಈ ಟ್ರಂಕಿಗೆ ಹಾಕಿ.